ಕೊಡಚಾದ್ರಿಗೆ ಜೀಪು ಗೊತ್ತುಮಾಡಿದ್ದು

ಕೊಲ್ಲೂರಿಗೆ ಹೋಗಿ ಬಂದವರು ನಮ್ಮ ಡೊಂಬಿವಲಿಯ ಕನ್ನಡಿಗರಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲಂತೂ ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೈಂದೂರು. ಆದರೆ ಅಲ್ಲಿಂದ ಮೇಲೆ ಕೊಡಚಾದ್ರಿಗೆ ಹೋದಿರಾ ಎಂದು ಕೇಳಿದರೆ ಹೆಚ್ಚಿನವರು "ಅಯ್ಯೋ, ಆ ಜೀಪಿನ ದಾರಿಯೇ!" ಎಂದುಬಿಡುತ್ತಾರೆ.

ನಾವು ಹೋದದ್ದು 2023ರ ನವೆಂಬರಿನಲ್ಲಿ. ನಾನು, ನಮ್ಮವರು ಮತ್ತು ನನ್ನ ಅತ್ತಿಗೆ. ಅತ್ತಿಗೆ ಕುಂದಾಪುರದ ಕಡೆಯವರು, ವಯಸ್ಸು ಅರವತ್ತೆಂಟು, ಎರಡೂ ಮಂಡಿ ನೋವು. ಸರ್ವಜ್ಞಪೀಠಕ್ಕೆ ಒಮ್ಮೆ ಕರೆದುಕೊಂಡು ಹೋಗುತ್ತೇನೆಂದು ಅಣ್ಣ ಮೂವತ್ತು ವರ್ಷ ಹೇಳುತ್ತಲೇ ಇದ್ದ. ಕಲ್ಯಾಣದ ಮನೆ, ಮಕ್ಕಳ ಫೀಸು, ಆಮೇಲೆ ಅವನ ಕಾಯಿಲೆ. ಅವನು ಹೋಗಿ ಎರಡು ವರ್ಷವಾಗಿತ್ತು. ಹಾಗಾಗಿ ಇದು ಅತ್ತಿಗೆಗೆ ಬರಿಯ ಪ್ರವಾಸವಾಗಿರಲಿಲ್ಲ.

ಮಾಥೇರಾನಿಗೆ ಹೋಗುವಾಗ ನೇರಳದಲ್ಲಿ ಟ್ಯಾಕ್ಸಿಯವರು ಸೀಟಿನ ಲೆಕ್ಕದಲ್ಲಿ ಜನ ತುಂಬುತ್ತಾರಲ್ಲ, ಕೊಲ್ಲೂರಿನಲ್ಲೂ ಹಾಗೆಯೇ. ಎಂಟು ಜನರಾದರೆ ಜೀಪು ಹೊರಡುತ್ತದೆ. ಇಲ್ಲವಾದರೆ ಪೂರ್ತಿ ಜೀಪಿನ ಹಣ ಕೊಡಬೇಕು. ಮೊದಲು ಸಿಕ್ಕವನು ಕಡಿಮೆಗೆ ಒಪ್ಪಿದ. ಮುಂದಿನ ಸೀಟು ಅತ್ತಿಗೆಗೆ ಸಿಗುತ್ತದೆಯೇ, ಮೇಲೆ ಎಷ್ಟು ಹೊತ್ತು ಕಾಯುತ್ತೀರಿ, ಅರಣ್ಯ ಇಲಾಖೆಯ ಪ್ರವೇಶಶುಲ್ಕ ಇದರಲ್ಲೇ ಸೇರಿದೆಯೇ ಎಂದು ಕೇಳಿದೆ. "ಅದೆಲ್ಲ ಆಗ ನೋಡುವ" ಎಂದ. ನನಗೆ ಸರಿಬರಲಿಲ್ಲ. ಎರಡನೆಯವರು ನಡುವಯಸ್ಸಿನವರು, ಮಾತು ಕಡಿಮೆ. ಹಣ ಸ್ವಲ್ಪ ಹೆಚ್ಚು ಹೇಳಿದರು, ಆದರೆ ಅತ್ತಿಗೆಯ ಮಂಡಿಯನ್ನು ನೋಡಿ ತಾವಾಗಿಯೇ ಮುಂದಿನ ಸೀಟಿನ ಸಾಮಾನು ತೆಗೆದರು. ನಮ್ಮವರು "ಅವನೇ ಅಗ್ಗ" ಎಂದು ಗೊಣಗುತ್ತಿದ್ದರೂ ನಾನು ಇವರನ್ನೇ ಗೊತ್ತುಮಾಡಿದೆ. ಜೊತೆಗೆ ಬೆಂಗಳೂರಿನ ಐವರು ಹುಡುಗರು.

ನಾಗೋಡಿಯ ಕಡೆ ಘಾಟಿ ಹತ್ತುವವರೆಗೆ ಎಲ್ಲವೂ ಸುಖ. ಕಟ್ಟಿನಹೊಳೆ ದಾಟಿದ ಮೇಲೆ ಅದನ್ನು ರಸ್ತೆ ಎನ್ನಬೇಕೋ ಹಳ್ಳ ಎನ್ನಬೇಕೋ! ಕೆಂಪು ಮಣ್ಣು, ಬುಟ್ಟಿ ಗಾತ್ರದ ಕಲ್ಲುಗಳು, ಒಂದು ಚಕ್ರ ಗುಂಡಿಯಲ್ಲಿದ್ದರೆ ಇನ್ನೊಂದು ದಿಣ್ಣೆಯ ಮೇಲೆ. ಚಾಲಕರು ಇನ್ನೊಂದು ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಟ್ಟರು. ಹಿಂದೆ ಎದುರುಬದುರು ಕೂತ ನಮ್ಮ ತಲೆಗಳು ಮೇಲಿನ ಕಂಬಿಗೆ ತಾಗುತ್ತಿದ್ದವು. ಬಿ.ಎ.ಯಲ್ಲಿ ಓದಿದ ವರ್ಡ್ಸ್‌ವರ್ತ್ ನೆನಪಾದ. ಬೆಟ್ಟಗಳನ್ನೆಲ್ಲ ನಡೆದೇ ಹತ್ತಿದ ಪುಣ್ಯಾತ್ಮ. ಈ ಹಿಂದಿನ ಸೀಟಿನಲ್ಲಿ ಕೂತಿದ್ದರೆ ಏನು ಬರೆಯುತ್ತಿದ್ದನೋ!

ಜೀಪು ನಿಲ್ಲುವುದು ಮೂಲಮೂಕಾಂಬಿಕೆಯ ಗುಡಿಯ ಹತ್ತಿರ. ಅಲ್ಲೊಂದು ಎತ್ತರದ ಕಬ್ಬಿಣದ ಕಂಬ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲವೆಂದು ಜನರ ನಂಬಿಕೆ. ಶಂಕರಾಚಾರ್ಯರು ತಪಸ್ಸು ಮಾಡಿದರೆನ್ನುವ ಸರ್ವಜ್ಞಪೀಠಕ್ಕೆ ಅಲ್ಲಿಂದ ನಡೆದೇ ಏರಬೇಕು. ಬೆಟ್ಟದ ಎತ್ತರ 1343 ಮೀಟರ್. ಹಿಮಾಲಯ ಕಂಡವರಿಗೆ ಇದೇನು ಮಹಾ, ಆದರೆ ಮಂಡಿನೋವಿನವರಿಗೆ ಮೀಟರಿನ ಲೆಕ್ಕ ಬೇರೆ.

ಇಳಿಯುವಷ್ಟರಲ್ಲಿ ಮಂಜು ಕವಿಯಿತು, ಸಣ್ಣ ಹನಿ ಶುರುವಾಯಿತು. ಚಾಲಕರು ಮೇಲೆ ನೋಡಿ, "ಅಮ್ಮ ಪೀಠಕ್ಕೆ ಹೋಪುದ್ ಬ್ಯಾಡ. ಜಾರ್ತ್. ಇವತ್ತ್ ಆತಿಲ್ಲ" ಎಂದರು. ನಮಗೂ ಎರಡು ಗಂಟೆ ಅಂದಿದ್ದನ್ನು ಒಂದೂಕಾಲು ಗಂಟೆಗೆ ಇಳಿಸಿದರು. ಮಳೆ ಜೋರಾದರೆ ಜೀಪು ಇಳಿಸುವುದು ಕಷ್ಟವಂತೆ. ನಮ್ಮವರಿಗೆ ಸಿಟ್ಟು ಬಂತು. ಎರಡು ಗಂಟೆಗೆ ದುಡ್ಡು ಕೊಟ್ಟಿದ್ದೇವೆ, ಹೇಗೂ ಕೈಹಿಡಿದು ಕರೆದೊಯ್ಯುತ್ತೇವೆ, ಮತ್ತೆ ಮತ್ತೆ ಬರಲಾಗುತ್ತದೆಯೇ ಎಂದು ವಾದಿಸಿದರು. ನನಗೂ ಹಾಗೆಯೇ ಅನಿಸಿತು. ಮೂವತ್ತು ವರ್ಷ ಕಾದವರನ್ನು ಇಷ್ಟು ಹತ್ತಿರ ತಂದು ಕೂರಿಸುವುದೆಂದರೆ!

ವಾದ ನಿಲ್ಲಿಸಿದವರು ಅತ್ತಿಗೆಯೇ. "ದಾರಿ ಗೊತ್ತಿದ್ದವರು ಹೇಳುವಾಗ ನಾವ್ ಎಂತಕೆ ಹಟ ಮಾಡುದು?" ಎಂದು ಗುಡಿಯ ಬಳಿ ಕೂತರು. ಸೆರಗಿನ ಗಂಟಿನಿಂದ ಒಂದು ರೂಪಾಯಿ ನಾಣ್ಯ ಬಿಚ್ಚಿ ನನ್ನ ಕೈಗಿಟ್ಟು, "ನಿನ್ನ ಅಣ್ಣನ ಹೆಸರಲ್ಲಿ ಅಲ್ಲಿ ಇಡು" ಎಂದರು.

ದಾರಿ ನಿಜವಾಗಿಯೂ ಜಾರುತ್ತಿತ್ತು. ನಾನೇ ಎರಡು ಸಲ ಕೈಯೂರಿದೆ. ಪೀಠವೆಂದರೆ ಒಂದು ಪುಟ್ಟ ಕಲ್ಲಿನ ಮಂಟಪ. ಸುತ್ತ ಬಿಳಿ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ನಾಣ್ಯವಿಟ್ಟು ಬಂದೆ. ಕೆಳಗಿಳಿಯುವಾಗ ಇಪ್ಪತ್ತು ನಿಮಿಷ ತಡ. ಹುಡುಗರು ಆಗಲೇ ಬಂದು ಮುಖ ಊದಿಸಿಕೊಂಡಿದ್ದರು. ಚಾಲಕರು ಏನೂ ಅನ್ನಲಿಲ್ಲ. ಅತ್ತಿಗೆಗೆ ಚಹಾ ತರಿಸಿ, ಅವರ ತವರಿನ ಊರು, ಮನೆ, ನೆಂಟರು ಎಲ್ಲ ವಿಚಾರಿಸಿ ಆಗಿತ್ತು. ಡೊಂಬಿವಲಿಯಲ್ಲಿ ಸೊಸೆಯರ ಜೊತೆ ಅರ್ಧ ಮರಾಠಿ ಆಡುವ ಅತ್ತಿಗೆ ಅಲ್ಲಿ ಕುಂದಾಪುರದ ಭಾಷೆಯಲ್ಲಿ ನಗುತ್ತಿದ್ದರು.

ಇಳಿಜಾರಿನ ಒಂದು ತಿರುವಿನಲ್ಲಿ ಜೀಪು ಪಕ್ಕಕ್ಕೆ ಸರಿಯಿತು. ಅತ್ತಿಗೆಯೊಬ್ಬರನ್ನು ಬಿಟ್ಟು ಉಳಿದವರೆಲ್ಲ ಇಳಿಯಿರಿ ಎಂದರು. ಒಂದು ಬದಿಗೆ ಪ್ರಪಾತ. ನಾವು ಕೆಸರಿನಲ್ಲಿ ಹಿಂದೆ ಹಿಂದೆ ನಡೆದೆವು. ಹುಡುಗರು ಚಕ್ರಕ್ಕೆ ಕಲ್ಲು ಕೊಟ್ಟರು. ನಮ್ಮವರು ಆ ಪ್ರಪಾತ ನೋಡಿ ಮಾತಾಡಲಿಲ್ಲ. ಇನ್ನರ್ಧ ಗಂಟೆ ಮೇಲೇ ಇದ್ದಿದ್ದರೆ ಈ ತಿರುವು ಕತ್ತಲಲ್ಲಿ ಸಿಗುತ್ತಿತ್ತು.

ಕೊಲ್ಲೂರಿನಲ್ಲಿ ನಮ್ಮವರೇ ಮೇಲೆ ಇನ್ನೂರು ರೂಪಾಯಿ ಕೊಡಲು ಹೋದರು. ಚಾಲಕರು ಮಾತಾಡಿದಷ್ಟೇ ಎಣಿಸಿಕೊಂಡು ಉಳಿದದ್ದನ್ನು ಹಿಂದಿರುಗಿಸಿದರು. ಅತ್ತಿಗೆ ಜೀಪಿನಿಂದ ಇಳಿಯುತ್ತಲೇ, ಯಾವ ತಿಂಗಳಲ್ಲಿ ಬಂದರೆ ದಾರಿ ಒಣಗಿರುತ್ತದೆ ಎಂದು ಕೇಳಿದರು.

"ಜನವರಿಗೆ ಬನ್ನಿ ಅಮ್ಮ. ಆಗ ಕಾಂಬ."

ಊರಿಗೆ ಬಂದ ಮರುವಾರದಿಂದಲೇ ಅತ್ತಿಗೆ ಮಂಡಿಯ ವ್ಯಾಯಾಮ ಶುರುಮಾಡಿದರು.