ಬೆತ್ಲೆಹೇಮಿನ ಝೈತೂನ್ ಮರದ ಪೈಪು

2019ರಲ್ಲಿ ಬೈತುಲ್ ಮುಕದ್ದಸ್ ಯಾತ್ರೆಗೆ ಹೊರಟ ತಂಡದಲ್ಲಿ ನಾನೂ ನನ್ನ ಪತಿಯೂ ಇದ್ದೆವು. ಜೋರ್ಡಾನಿನ ಅಮ್ಮಾನ್ ನಗರದಲ್ಲಿ ಇಳಿದು, ಬಸ್ಸಿನಲ್ಲಿ ಜೋರ್ಡಾನ್ ನದಿಯ ಸೇತುವೆ ದಾಟಿ, ತಪಾಸಣೆಗಾಗಿ ಗಂಟೆಗಟ್ಟಲೆ ಕಾದು ಜೆರುಸಲೇಮ್ ತಲುಪಿದೆವು. ಮಸ್ಜಿದುಲ್ ಅಕ್ಸಾದಲ್ಲಿ ಮೂರು ದಿನ ನಮಾಝ್ ನಿರ್ವಹಿಸಿದ ಬಳಿಕ, ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಬಸ್ಸು ಬೆತ್ಲೆಹೇಮಿನ ಕಡೆಗೆ ಹೊರಟಿತು.

ಎರಡು ಊರುಗಳ ನಡುವೆ ಇರುವುದು ಹೆಚ್ಚೆಂದರೆ ಹತ್ತು ಕಿಲೋಮೀಟರ್. ಆದರೆ ಮಧ್ಯದಲ್ಲಿ ಮನೆಗಿಂತಲೂ ಎತ್ತರದ ಕಾಂಕ್ರೀಟ್ ಗೋಡೆಯಿದೆ. ಅದನ್ನು ದಾಟಿದರೆ ಗುಡ್ಡದ ಇಳಿಜಾರಿನಲ್ಲಿ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳು, ಅವುಗಳ ತುಂಬ ಬೂದು ಹಸಿರು ಎಲೆಯ ಝೈತೂನ್ ಮರಗಳು. ಮದ್ರಸದ ಚಾಪೆಯ ಮೇಲೆ ಕುಳಿತು 'ತೀನ್' ಅಧ್ಯಾಯ ಬಾಯಿಪಾಠ ಮಾಡಿದ್ದ ದಿನಗಳಿಂದ ಈ ಮರದ ಹೆಸರು ನನಗೆ ಗೊತ್ತಿತ್ತು. ಮರವನ್ನು ಕಂಡದ್ದು ಮಾತ್ರ ಈ ಯಾತ್ರೆಯಲ್ಲೇ.

ಬೆತ್ಲೆಹೇಮಿನ ನಡುವೆ ಒಂದು ಚೌಕವಿದೆ. ಅದರ ಒಂದು ಬದಿಗೆ ಈಸಾ(ಅ) ಜನಿಸಿದ ಸ್ಥಳವೆಂದು ಕ್ರೈಸ್ತರು ನಂಬುವ ಪುರಾತನ ಇಗರ್ಜಿ. 2012ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಎದುರು ಬದಿಗೆ 1860ರಲ್ಲಿ ಕಟ್ಟಲಾದ ಉಮರ್ ಮಸೀದಿ. ಅಲ್ಲಿ ಳುಹರ್ ನಮಾಝ್ ಮುಗಿಸಿ ಹೊರಬಂದಾಗ ಮಾರ್ಗದರ್ಶಕರು, "ಇಲ್ಲಿಯ ಮರಗೆಲಸ ನೋಡದೆ ಹೋಗಬಾರದು" ಎಂದು ನಮ್ಮನ್ನು ಹತ್ತಿರದ ಬೀದಿಗೆ ಕರೆದೊಯ್ದರು. ಅಲ್ಲಿ ಸಾಲು ಸಾಲಾಗಿ ಅಂಗಡಿಗಳು. ಒಂಟೆ, ಶಿಲುಬೆ, ತಸ್ಬೀಹ್, ಚಮಚ, ಬಟ್ಟಲು, ಎಲ್ಲವೂ ಝೈತೂನ್ ಮರದ್ದೇ.

ಒಂದು ಅಂಗಡಿಯ ಹಿಂದೆಯೇ ಕಾರ್ಖಾನೆಯಿತ್ತು. ಅದರ ಮಾಲಕರು ಅರವತ್ತರ ಆಸುಪಾಸಿನ ಕ್ರೈಸ್ತರು. ನಾನು ಮದ್ರಸದಲ್ಲಿ ಕಲಿತ ಅರಬಿಯಲ್ಲಿ ಮಾತಾಡಿಸಿದಾಗ ಅವರು ನಕ್ಕುಬಿಟ್ಟರು. "ಯಾ ಹಾಜ್ಜಾ, ನೀವು ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ!" ಎಂದರು. ಆಮೇಲೆ ನನಗೆ ತಿಳಿಯಲೆಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದರು.

ಕೆತ್ತನೆಗಾಗಿ ಯಾರೂ ಮರ ಕಡಿಯುವುದಿಲ್ಲವಂತೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕಾಯಿ ಕೊಯ್ದಾದ ಮೇಲೆ, ಮುಂದಿನ ಫಸಲು ಚೆನ್ನಾಗಿ ಬರಲೆಂದು ಸವರಿದ ಕೊಂಬೆಗಳೇ ಇವರಿಗೆ ಬಂಡವಾಳ. ಹಸಿ ಮರವನ್ನು ಕೆತ್ತಿದರೆ ಬಿರುಕು ಬಿಡುತ್ತದೆ. ಆದ್ದರಿಂದ ತಿಂಗಳುಗಟ್ಟಲೆ, ದಪ್ಪ ತುಂಡಾದರೆ ವರ್ಷಗಟ್ಟಲೆ ಒಣಗಿಸಬೇಕು. ಮೊದಲ ಆಕಾರವನ್ನು ಯಂತ್ರ ಕೊಡುತ್ತದೆ. ಉಳಿದದ್ದೆಲ್ಲ ಉಳಿ, ಅರ, ಸ್ಯಾಂಡ್ ಪೇಪರ್ ಹಿಡಿದ ಕೈಯ ಕೆಲಸ. ಜೇನಿನ ಬಣ್ಣದ ಮರದಲ್ಲಿ ಕಡು ಕಂದು ಗೆರೆಗಳು ಹರಿದಿರುತ್ತವೆ. ಒಂದು ತುಂಡಿನ ಗೆರೆ ಇನ್ನೊಂದರಲ್ಲಿ ಕಾಣದು.

ಗೋಡೆಯ ಕಪಾಟಿನಲ್ಲಿ, ತಸ್ಬೀಹ್‌ಗಳ ಪಕ್ಕದಲ್ಲೇ ತಂಬಾಕು ಸೇದುವ ಒಂದು ಪೈಪು ಇತ್ತು. ಅಷ್ಟು ನಯವಾದ ಕೆಲಸವನ್ನು ನಾನು ಆ ದಿನ ಬೇರೆಲ್ಲೂ ಕಂಡಿರಲಿಲ್ಲ. ಅವರು ಅದನ್ನು ನನ್ನ ಕೈಗಿತ್ತರು.

"ಇದು ನೋಡಲು ಸಣ್ಣದು, ಮಾಡಲು ಕಷ್ಟ" ಎಂದರು. ತಂಬಾಕು ತುಂಬುವ ಗುಳಿ ಒಂದು, ಬಾಯಿಯ ನಳಿಗೆ ಕೂರಿಸುವ ತೂತು ಒಂದು, ಅವೆರಡನ್ನೂ ಸೇರಿಸುವ ಹೊಗೆಯ ದಾರಿ ಒಂದು. ಆ ದಾರಿ ಗುಳಿಯ ತೀರಾ ತಳಕ್ಕೇ ಬಂದು ಸೇರಬೇಕು. ಸ್ವಲ್ಪ ಮೇಲಾದರೆ ತಳದಲ್ಲಿ ತೇವ ನಿಲ್ಲುತ್ತದೆ, ಪಕ್ಕಕ್ಕೆ ಜರುಗಿದರೆ ಇಡೀ ತುಂಡು ಒಲೆಗೆ. ಹೊರಗೆ ಮೇಣ ಹಚ್ಚಿ ಉಜ್ಜಬಹುದು, ಬೆಂಕಿ ತಾಗುವ ಒಳಗುಳಿಗೆ ವಾರ್ನಿಷ್ ಹಚ್ಚುವಂತಿಲ್ಲ. ಜಗತ್ತಿನ ಹೆಚ್ಚಿನ ಪೈಪುಗಳನ್ನು ಬ್ರಯರ್ ಎಂಬ ಪೊದೆಗಿಡದ ಬೇರಿನ ಗಡ್ಡೆಯಿಂದ ಮಾಡುತ್ತಾರೆ, ಅದು ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಝೈತೂನ್ ಪೈಪನ್ನು ಜನ ಕೊಳ್ಳುವುದು ಅದರ ಗೆರೆಗಳ ಅಂದಕ್ಕಾಗಿ.

"ಇದನ್ನು ಯಾವಾಗ ಕಲಿತಿರಿ?" ಎಂದು ಕೇಳಿದೆ.

2002ರಲ್ಲಿ ಇಸ್ರೇಲಿ ಸೇನೆ ಇಗರ್ಜಿಯನ್ನು 39 ದಿನ ಮುತ್ತಿಗೆ ಹಾಕಿತ್ತು. ಆಗ ಯಾತ್ರಿಕರು ಬರುವುದು ನಿಂತುಹೋಯಿತು. ಶಿಲುಬೆಯೂ ಮಾರಾಟವಾಗಲಿಲ್ಲ, ತಸ್ಬೀಹೂ ಮಾರಾಟವಾಗಲಿಲ್ಲ. ಆ ಕಷ್ಟದ ದಿನಗಳಲ್ಲಿ ಪರಿಚಿತ ವಿದೇಶೀಯರೊಬ್ಬರು ಪೈಪು ಮಾಡಿಕೊಡುವಂತೆ ಕೇಳಿದರಂತೆ. ಎಷ್ಟೋ ತುಂಡುಗಳನ್ನು ಹಾಳು ಮಾಡಿಕೊಂಡು ಅವರು ಈ ಕೆಲಸ ಕಲಿತರು.

"ನೀವು ಸೇದುತ್ತೀರಾ?"

"ಇಲ್ಲ ಹಾಜ್ಜಾ. ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ. ಆದರೆ ಆ ವರ್ಷ ಮಕ್ಕಳು ಊಟ ಮಾಡಿದ್ದು ಇದರಿಂದ."

ನನಗೆ ಥಟ್ಟನೆ ನೆನಪಾದದ್ದು ನಮ್ಮ ಉಮ್ಮನ ಮೊರ. ದಕ್ಷಿಣ ಕನ್ನಡದ ನಮ್ಮ ಹಳ್ಳಿಯಲ್ಲಿ ಉಮ್ಮ ಬೀಡಿ ಕಟ್ಟುತ್ತಿದ್ದರು. ಎಲೆ, ತಂಬಾಕು, ನೂಲು, ಕತ್ತರಿ. ವಾರಕ್ಕೆರಡು ಬಾರಿ ಬ್ರಾಂಚಿಗೆ ಬೀಡಿ ಕೊಂಡುಹೋಗುವುದು ನನ್ನ ಕೆಲಸವಾಗಿತ್ತು. ಒಂದು ದಿನ ಮದ್ರಸದಿಂದ ಬಂದವಳೇ, "ಉಮ್ಮಾ, ಜನರ ಆರೋಗ್ಯ ಕೆಡಿಸುವುದನ್ನು ನಾವು ಕಟ್ಟುವುದು ತಪ್ಪಲ್ಲವಾ?" ಎಂದು ಕೇಳಿದೆ. ಉಮ್ಮ ತಲೆಯೆತ್ತದೆ, "ನಿನ್ನ ಮದ್ರಸದ ಫೀಸು ಯಾವುದರಿಂದ ಕಟ್ಟಿದ್ದು ಮಗಳೇ?" ಎಂದರು. ನಾನು ಬಾಯಿ ಮುಚ್ಚಿದೆ.

ಬಾಪ ಬೀಡಿ ಸೇದುತ್ತಿದ್ದರು. ಕೆಮ್ಮಿ ಕೆಮ್ಮಿಯೇ ತೀರಿಕೊಂಡರು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನವೂ ಉಮ್ಮನ ಮೊರ ನಿಲ್ಲಲಿಲ್ಲ. ಹೊಸ್ತಿಲು ದಾಟದೆ ಮಾಡಬಹುದಾದ ಬೇರೆ ಯಾವ ಕೆಲಸವಿತ್ತು ಅವರಿಗೆ? ನಮ್ಮ ಬಾಪನನ್ನು ಕೊಂಡೊಯ್ದ ತಂಬಾಕೇ ನನ್ನನ್ನು ಬಿ.ಎ. ಓದಿಸಿತು. ಈ ಲೆಕ್ಕವನ್ನು ನಾನು ಇಂದಿಗೂ ಸರಿದೂಗಿಸಲಾರೆ.

ಪೈಪನ್ನು ಕಪಾಟಿನಲ್ಲೇ ಇಟ್ಟೆ. ಅದನ್ನು ಕೊಳ್ಳಲು ಮನಸ್ಸಾಗಲಿಲ್ಲ, ಮಾಡಿದವರಿಗೆ ಉಪದೇಶ ಮಾಡಲು ಬಾಯಿಯೂ ಬರಲಿಲ್ಲ. ಉಮ್ಮನಿಗಾಗಿ 33 ಮಣಿಗಳ ಒಂದು ತಸ್ಬೀಹ್ ಕೊಂಡೆ.

ಊರಿಗೆ ಬಂದು ಕೊಟ್ಟಾಗ ಉಮ್ಮ ಅದನ್ನು ಕಣ್ಣಿಗೊತ್ತಿಕೊಂಡರು. ಬಳಿಕ ಬೀಡಿಯ ಕಟ್ಟು ಪರೀಕ್ಷಿಸುವ ಹಾಗೆ ಒಂದೊಂದೇ ಮಣಿಯನ್ನು ಬೆರಳಲ್ಲಿ ಉರುಳಿಸಿ ನೋಡಿ ಕೇಳಿದರು: "ಇದೊಂದು ಮಾಡಿದರೆ ಕೆಲಸದವರಿಗೆ ಎಷ್ಟು ಕೊಡುತ್ತಾರೆ?"

ನಾನು ಚೌಕಾಶಿ ಮಾಡಿ ಬೆಲೆ ಇಳಿಸಿದ್ದೆ. ಇದನ್ನು ಮಾತ್ರ ಕೇಳಿರಲಿಲ್ಲ.

2020ರಲ್ಲಿ ಕೊರೋನಾ ಬಂದು ಬೆತ್ಲೆಹೇಮಿನ ಬಾಗಿಲು ಮುಚ್ಚಿತು. 2023ರ ಅಕ್ಟೋಬರ್‌ನಲ್ಲಿ ಯುದ್ಧ ಆರಂಭವಾದ ಮೇಲೆ ಯಾತ್ರಿಕರ ಬಸ್ಸುಗಳು ಮತ್ತೆ ನಿಂತವು. ಆ ವರ್ಷವೂ 2024ರಲ್ಲೂ ಊರಿನ ಚೌಕದಲ್ಲಿ ಕ್ರಿಸ್ಮಸ್ ಸಂಭ್ರಮವೇ ನಡೆಯಲಿಲ್ಲ. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಾರ್ಖಾನೆಯ ಮೂಲೆಯಲ್ಲಿ ಒಣಗಲು ಪೇರಿಸಿಟ್ಟಿದ್ದ ಕೊಂಬೆಗಳು.

ಸಹೋದರಿಯರೇ, ಮನೆಬಾಗಿಲಿಗೆ ಬುಟ್ಟಿ ಮಾರಲು ಬಂದವಳೊಡನೆ ಹತ್ತು ರೂಪಾಯಿಗೆ ಜಗಳಾಡುವ ಮೊದಲು ನಮ್ಮ ಉಮ್ಮನ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳೋಣ. ಉಮ್ಮನ ಬೆರಳು ತಾಗಿ ತಾಗಿ ಆ ತಸ್ಬೀಹ್ ಈಗ ಕಪ್ಪಗಾಗಿದೆ. ಅದರ ಗೆರೆಗಳು ಮಾತ್ರ ಇನ್ನೂ ಅಳಿಸಿಲ್ಲ.