ದೆವ್ವದ ಬೆಟ್ಟಕ್ಕೆ ಒಂದು ಡಂಜನ್ ಯಾತ್ರೆ

ಸ್ಯಾನ್ ಫ್ರಾನ್ಸಿಸ್ಕೊಗೆ ಬಂದವರೆಲ್ಲ ಗೋಲ್ಡನ್ ಗೇಟ್ ಸೇತುವೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಂಪ್ಯೂಟರ್ ಗೇಮ್ ಹುಚ್ಚಿರುವವರಿಗೆ ಇಲ್ಲಿ ಇನ್ನೊಂದು ರೂಟ್ ಇದೆ. ಬೆಳಿಗ್ಗೆ ಸಾಂಟಾ ಕ್ರೂಜ್‌ನಲ್ಲಿ ಶುರುಮಾಡಿ, ಬರ್ಕ್‌ಲಿ ದಾಟಿ, ಸಂಜೆಯೊಳಗೆ ಮೌಂಟ್ ಡಿಯಾಬ್ಲೊ ಹತ್ತಿದರೆ ಡಂಜನ್ ಗೇಮ್‌ಗಳ 17 ವರ್ಷದ ಚರಿತ್ರೆಯನ್ನೇ ಸುತ್ತಿದಂತೆ.

ಡಂಜನ್ ಗೇಮ್ ಅಂದರೆ ಗೊತ್ತಲ್ಲ? ನೆಲಮಾಳಿಗೆಯಲ್ಲಿ ಒಂದೊಂದೇ ಅಂತಸ್ತು ಇಳಿಯುತ್ತಾ, ರಾಕ್ಷಸರನ್ನು ಹೊಡೆಯುತ್ತಾ, ನಿಧಿ ಹುಡುಕುವ ಆಟ.

ನನ್ನ ಜೊತೆಗಿದ್ದವರು ಫ್ರೀಮಾಂಟ್‌ನಲ್ಲಿರುವ ಭಾವ ಮತ್ತು ಅವರ 12 ವರ್ಷದ ಮಗಳು. ಭಾವನಿಗೆ ಮೈಸೂರಿನ ಹಾಸ್ಟೆಲ್ ದಿನಗಳಿಂದಲೂ ಡಿಯಾಬ್ಲೊ ಅಂದರೆ ಪ್ರಾಣ. ಆಗಿನ ಸಿಡಿ ಸೂಟ್‌ಕೇಸ್ ಸೇರಿ ಅಮೆರಿಕಕ್ಕೂ ಬಂದಿದೆ. ಆದರೆ ಮನೆಯ ಯಾವ ಲ್ಯಾಪ್‌ಟಾಪ್‌ಗೂ ಸಿಡಿ ಡ್ರೈವ್ ಇಲ್ಲ. ಮಗಳು ಅದನ್ನು ನೋಡಿ, “ಇದು ಕಾಫಿ ಲೋಟ ಇಡೋಕಾ ಅಪ್ಪಾ?” ಎಂದಿದ್ದಳಂತೆ. “ಅವಳಿಗೆ ಒಂದ್ಸಲನಾದ್ರೂ ತೋರಿಸ್ಬೇಕು ಕಣೋ. ನಾನು ಏನಕ್ಕೆ ನಿದ್ದೆಗೆಟ್ಟೆ ಅಂತ ಗೊತ್ತಾಗ್ಲಿ” ಎಂದರು ಭಾವ.

ಸಾಂಟಾ ಕ್ರೂಜ್‌ನ ವಿಶ್ವವಿದ್ಯಾಲಯ ಇರುವುದು ಗುಡ್ಡದ ಮೇಲೆ. ಸುತ್ತ ಆಕಾಶ ಮುಟ್ಟುವ ರೆಡ್‌ವುಡ್ ಮರಗಳು, ಕೆಳಗೆ ಸಮುದ್ರ. ಇಲ್ಲಿ ಓದುತ್ತಿದ್ದ ಮೈಕಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ 1980ರ ಸುಮಾರಿಗೆ ‘ರೋಗ್’ ಎಂಬ ಆಟ ಬರೆದರು. ಹೆಸರು ಕೇಳಿ ಗಾಬರಿಯಾಗಬೇಡಿ, ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ! ಅದರಲ್ಲಿ ಚಿತ್ರವೇ ಇಲ್ಲ, ಬರೀ ಅಕ್ಷರ. ಇಮೇಲ್‌ನಲ್ಲಿ ಬರುವ ‘ಅಟ್’ ಚಿಹ್ನೆಯೇ ನೀವು. ‘ಡಿ’ ಅಕ್ಷರ ಎದುರಾದರೆ ಡ್ರ್ಯಾಗನ್ ಬಂತು ಅಂತ ಓಡಬೇಕು. ಪ್ರತಿಸಲ ಆಡುವಾಗಲೂ ಕೋಣೆ, ದಾರಿ ಎಲ್ಲ ಹೊಸದು. ಸತ್ತರೆ ಮತ್ತೆ ಮೊದಲಿನಿಂದ.

ಟಾಯ್ ಆಮೇಲೆ ಬರ್ಕ್‌ಲಿಗೆ ಹೋದರು. ನಾವೂ ಹೈವೇ 17ರ ತಿರುವುಗಳನ್ನು ಇಳಿದು ಅತ್ತ ಹೊರಟೆವು. ಆ ಕಾಲದಲ್ಲಿ ಒಂದೊಂದು ಕಂಪನಿಯ ಟರ್ಮಿನಲ್‌ಗೂ ಒಂದೊಂದು ಭಾಷೆ. ಕರ್ಸರನ್ನು ಪರದೆಯ ಇಂಥ ಜಾಗಕ್ಕೆ ಒಯ್ಯಿ ಎನ್ನುವ ಆಜ್ಞೆ ಕೂಡ ಬೇರೆಬೇರೆ. ಬರ್ಕ್‌ಲಿಯ ಕೆನ್ ಆರ್ನಾಲ್ಡ್ ‘ಕರ್ಸಸ್’ ಎಂಬ ಲೈಬ್ರರಿ ಬರೆದಿದ್ದರು. ಅದು ಒಳ್ಳೆಯ ದುಭಾಷಿ ಇದ್ದಂತೆ. ಆಟ ಕರ್ಸಸ್‌ಗೆ ಹೇಳಿದರೆ ಸಾಕು, ಯಾವ ಟರ್ಮಿನಲ್‌ಗೆ ಹೇಗೆ ಹೇಳಬೇಕೋ ಅದೇ ನೋಡಿಕೊಳ್ಳುತ್ತದೆ. ರೋಗ್ ಅದನ್ನೇ ಬಳಸಿಕೊಂಡಿತು, ಬರ್ಕ್‌ಲಿಯ ಯೂನಿಕ್ಸ್ ಜೊತೆ ಎಲ್ಲ ಕಡೆ ಹರಡಿತು. ಅದೇ ಕುಲದ ನೆಟ್‌ಹ್ಯಾಕ್ ಹುಟ್ಟಿದ್ದು 1987ರಲ್ಲಿ. ಇವತ್ತು ನಿಮ್ಮ ಫೋನ್‌ನಲ್ಲೂ ಆಡಬಹುದು.

ಬರ್ಕ್‌ಲಿಯಿಂದ ಪೂರ್ವಕ್ಕೆ ಹೋಗಲು ಕಾಲ್ಡೆಕಾಟ್ ಎಂಬ ಸುರಂಗ ದಾಟಬೇಕು. “ಮಾಮ, ಇದೇ ಡಂಜನ್ನು!” ಎಂದಳು ಹುಡುಗಿ. ಆ ನೆಪದಲ್ಲಿ ಭಾವ ನಡುವಿನ ಕಾಲದ ಕಥೆ ತೆಗೆದರು.

1987ರಲ್ಲಿ ಬಂದ ‘ಡಂಜನ್ ಮಾಸ್ಟರ್’ ಅಟಾರಿ ಎಸ್‌ಟಿ ಕಂಪ್ಯೂಟರ್‌ಗೆಂದೇ ಮಾಡಿದ ಆಟ. ಗೋಡೆ, ಬಾಗಿಲು ಕಣ್ಣೆದುರೇ ಕಾಣುತ್ತಿದ್ದವು. ಕಾಪಿ ಮಾಡಬಾರದೆಂದು ಅದರ ಫ್ಲಾಪಿಯಲ್ಲಿ ಒಂದು ತಂತ್ರವಿತ್ತು: ಕೆಲವು ಬಿಟ್‌ಗಳು ಓದಿದಾಗಲೆಲ್ಲ ಬೇರೆಬೇರೆ ಉತ್ತರ ಕೊಡುತ್ತಿದ್ದವು. ಮಾಮೂಲಿ ಡ್ರೈವ್‌ನಲ್ಲಿ ಅದರ ನಕಲು ಮಾಡಲು ಆಗುತ್ತಿರಲಿಲ್ಲ. ಡಾಸ್ ಪಿಸಿಗೆ ಆ ಆಟ ಬಂದದ್ದು 1992ರಲ್ಲಿ. ಅದೇ ವರ್ಷದ ‘ಅಲ್ಟಿಮಾ ಅಂಡರ್‌ವರ್ಲ್ಡ್’ಗೆ 386 ಪ್ರೊಸೆಸರ್, 2 ಎಂಬಿ ರ‍್ಯಾಮ್ ಬೇಕಿತ್ತು. ಡಾಸ್‌ನ 640 ಕೆಬಿ ಮೆಮೊರಿಯಲ್ಲಿ ಮೌಸ್ ಡ್ರೈವರ್‌ಗೂ ಆಟಕ್ಕೂ ಜಾಗ ಹೊಂದಿಸುವುದೇ ಆಗ ಒಂದು ಆಟ. ಇವತ್ತಿನ 64 ಬಿಟ್ ವಿಂಡೋಸ್‌ನಲ್ಲಿ ಅಂಥ 16 ಬಿಟ್ ಪ್ರೋಗ್ರಾಂಗಳು ನೇರವಾಗಿ ಓಡುವುದಿಲ್ಲ. 2002ರಿಂದ ‘ಡಾಸ್‌ಬಾಕ್ಸ್’ ಇದೆ, ಬಚಾವ್. ಅದು ಹಳೇ ಪಿಸಿಯನ್ನೇ ಸಾಫ್ಟ್‌ವೇರ್‌ನಲ್ಲಿ ಕಟ್ಟಿಕೊಡುತ್ತದೆ.

ಮೌಂಟ್ ಡಿಯಾಬ್ಲೊ ಎತ್ತರ 1,173 ಮೀಟರ್, ನಮ್ಮ ನಂದಿಬೆಟ್ಟಕ್ಕಿಂತ ಕಮ್ಮಿ. ಸುತ್ತಲಿನ ನೆಲ ತಗ್ಗಿನಲ್ಲಿರುವುದರಿಂದ ಭಾರಿ ಬೆಟ್ಟದಂತೆ ಕಾಣುತ್ತದೆ. ತಿರುವುಗಳ ರಸ್ತೆ ತುದಿವರೆಗೂ ಇದೆ, ತುದಿಯಲ್ಲಿ 1930ರ ದಶಕದ ಕಲ್ಲಿನ ಕಟ್ಟಡ. ಡಿಯಾಬ್ಲೊ ಎಂದರೆ ಸ್ಪ್ಯಾನಿಷ್‌ನಲ್ಲಿ ದೆವ್ವ, ಸೈತಾನ. ಇದರ ಬುಡದಲ್ಲಿ ಬೆಳೆದ ಡೇವಿಡ್ ಬ್ರೆವಿಕ್ ತಮ್ಮ ಆಟಕ್ಕೆ ಈ ಬೆಟ್ಟದ ಹೆಸರನ್ನೇ ಇಟ್ಟರು. ಅವರಿಗೆ ಸ್ಫೂರ್ತಿಯಾದದ್ದು ರೋಗ್ ಕುಲದ ಆಟಗಳೇ.

1997ರ ಹೊಸವರ್ಷದ ಹೊತ್ತಿಗೆ ಬಂದ ಡಿಯಾಬ್ಲೊಗೆ ಪೆಂಟಿಯಂ, 8 ಎಂಬಿ ರ‍್ಯಾಮ್, ವಿಂಡೋಸ್ 95 ಬೇಕಿತ್ತು. ಅದು 256 ಬಣ್ಣಗಳ ಆಟ. ಮುಂದಿನ ವಿಂಡೋಸ್‌ಗಳಲ್ಲಿ ಆ ಬಣ್ಣಗಳೇ ಕಲಸಿಹೋಗತೊಡಗಿದವು. ಅಕ್ಷರಗಳ ರೋಗ್ ತಲೆ ಕೆಡಿಸಿಕೊಳ್ಳದೆ ದಾಟಿದ ಹೊಳೆಯಲ್ಲಿ, ಅದಕ್ಕಿಂತ 17 ವರ್ಷ ಚಿಕ್ಕ ಆಟ ಮುಗ್ಗರಿಸಿತು. ಯಂತ್ರದಿಂದ ಕಮ್ಮಿ ಬೇಡಿದ್ದು ಹೆಚ್ಚು ಕಾಲ ಬಾಳುತ್ತದೆ ಅಂತ ನನಗನ್ನಿಸಿದ್ದು ಇದನ್ನು ಕೇಳಿಯೇ.

ಡಿಯಾಬ್ಲೊವನ್ನು ಉಳಿಸಿದ್ದರಲ್ಲಿ ಅಭಿಮಾನಿಗಳ ಪಾಲೂ ಇದೆ. ಜಪಾನಿನ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಉಳಿದುಬಿಟ್ಟಿದ್ದ ಡಿಬಗ್ ಮಾಹಿತಿ ಹಿಡಿದು ಆಟದ ಕೋಡನ್ನು ಅವರು ಮತ್ತೆ ಬರೆದರು. ಅದರಿಂದ ಹುಟ್ಟಿದ ‘ಡೆವಿಲ್ಯೂಷನ್‌ಎಕ್ಸ್’ ಆಂಡ್ರಾಯ್ಡ್‌ನಲ್ಲೂ ಓಡುತ್ತದೆ. ಆದರೆ ಇಡೀ ಆಟಕ್ಕೆ ನಿಮ್ಮ ಒರಿಜಿನಲ್ ಸಿಡಿಯಲ್ಲಿರುವ ಸುಮಾರು 500 ಎಂಬಿಯ ಫೈಲ್ ಬೇಕು.

ಹಿಂದಿನ ರಾತ್ರಿ ನಾನು ಒಯ್ದಿದ್ದ ಯುಎಸ್‌ಬಿ ಡ್ರೈವ್‌ಗೆ ಭಾವನ ಸಿಡಿ ಹಾಕಿದಾಗ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಗೀಚುಗಳಿದ್ದರೂ ಓದಿಕೊಂಡಿತು. ಈಗ ಬೆಟ್ಟದ ತುದಿಯ ಕಲ್ಲುಕಟ್ಟೆ ಮೇಲೆ ಭಾವ ಫೋನನ್ನು ಮಗಳ ಕೈಗೆ ಕೊಟ್ಟರು. ಟ್ರಿಸ್ಟ್ರಮ್ ಊರಿನ ಗಿಟಾರ್ ಕೇಳಿದ್ದೇ ತಡ, ಅವರೇ ಮಾತು ನಿಲ್ಲಿಸಿಬಿಟ್ಟರು.

ನಿಮ್ಮ ಬೀರುವಿನಲ್ಲೂ ಅಂಥ ಸಿಡಿ ಇದ್ದರೆ ಈ ವಾರವೇ ಕಾಪಿ ಮಾಡಿಡಿ. ಸಿಡಿಗೂ ವಯಸ್ಸಾಗುತ್ತದೆ, ಡ್ರೈವ್‌ಗಳು ಆಗಲೇ ಮಾಯವಾಗುತ್ತಿವೆ.

ನಮ್ಮ ಹುಡುಗಿ ಮೂರನೇ ಅಂತಸ್ತಿನಲ್ಲಿ ಸತ್ತಳು. “ಇನ್ನೊಂದ್ಸಲ, ಅಪ್ಪಾ” ಎಂದಳು.