ಹೆಜ್ಜೆಗೆ ಮುಂಚಿನ ಎರಡು ಮಾತ್ರೆ

ನೀಲಗಿರಿಯ ಎಮರಾಲ್ಡ್ ಸುತ್ತಲಿನ ಬಡಗ ಹಟ್ಟಿಗಳಲ್ಲಿ ಹಬ್ಬ ಬಂದರೆ ಜನ ಸುತ್ತುಗಟ್ಟಿ ಕುಣಿಯುತ್ತಾರೆ. ಹೆಜ್ಜೆ ನೆಲಕ್ಕೆ ಬೀಳಬೇಕಾದರೆ ಮೊದಲು ಅದು ಮೇಲೇಳಬೇಕು. ಹೀಗೆ ಮೇಲೇಳುವ ಗಳಿಗೆಗೆ ಲಯದ ಲೆಕ್ಕದಲ್ಲಿ ಯಾವ ಸ್ಥಾನ? ಛಂದಸ್ಸು ಓದುವವರು ಕೇಳಿಕೊಳ್ಳಬೇಕಾದ ಈ ಪ್ರಶ್ನೆಗೆ ಬಹು ದೂರದ ಒಂದು ಕೃತಿಯಲ್ಲಿ ನಿಚ್ಚಳವಾದ ಉತ್ತರವಿದೆ.

ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ರಚಿಸಿದ ಮೂರನೆಯ ವಾದ್ಯವೃಂದ ಸ್ವೀಟಿನಲ್ಲಿ ಗವೋಟ್ ಎಂಬ ನೃತ್ಯಭಾಗವಿದೆ. ಮೂರು ಕಹಳೆ, ಎರಡು ಓಬೋ, ಜೋಡಿ ನಗಾರಿ, ತಂತಿವಾದ್ಯಗಳು: ಸಡಗರದ ಮೇಳ. ಗವೋಟ್ ಮೂಲತಃ ಫ್ರಾನ್ಸಿನ ಹಳ್ಳಿಗರ ಕುಣಿತ. ಅರಮನೆಯನ್ನು ಹೊಕ್ಕು ನಯಗೊಂಡದ್ದು. ಬಾಖನ ಗವೋಟಿನ ಮೊದಲರ್ಧ ಆಧಾರ ಷಡ್ಜದಿಂದ ಹೊರಟು ಪಂಚಮದ ನೆಲೆಯಲ್ಲಿ ನಿಲ್ಲುತ್ತದೆ. ಎರಡನೆಯ ಅರ್ಧ ಅದನ್ನು ಮನೆಗೆ ಕರೆತರುತ್ತದೆ. ಆಮೇಲೆ ಇನ್ನೊಂದು ಗವೋಟ್, ಅದು ಮುಗಿದರೆ ಮತ್ತೆ ಮೊದಲನೆಯದು.

ಸ್ವಾರಸ್ಯವಿರುವುದು ಅದರ ಆರಂಭದಲ್ಲಿ. ನಾಲ್ಕು ಮಾತ್ರೆಯ ಆವರ್ತದಲ್ಲಿ ರಾಗ ಮೂರನೆಯ ಮಾತ್ರೆಗೇ ಎದ್ದುಬಿಡುತ್ತದೆ. ಎರಡು ಮಾತ್ರೆ ಕಳೆದ ಮೇಲೆ ಘಾತ. ಗವೋಟಿನ ಸಾಮಾನ್ಯ ಸಾಲನ್ನು ನಮ್ಮ ರೀತಿಯಲ್ಲಿ ಪ್ರಸ್ತಾರ ಹಾಕಿದರೆ ಎರಡು, ನಾಲ್ಕು, ನಾಲ್ಕು, ನಾಲ್ಕು, ಎರಡು ಎಂದಾಗುತ್ತದೆ. ಕೊನೆಯ ಗಣ ಅರೆಯಾಗಿಯೇ ನಿಲ್ಲುತ್ತದೆ. ಮುಂದಿನ ಸಾಲಿನ ಮೊದಲ ಎರಡು ಮಾತ್ರೆ ಬಂದು ಅದನ್ನು ತುಂಬುತ್ತವೆ.

ಕನ್ನಡ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಲ್ಲ. ಗಣವಿಭಾಗಕ್ಕೆ ಮೊದಲು ಹೊರಗುಳಿಯುವ ಅಕ್ಷರಗಳು ಪದ್ಮಗಣ. ಸಾಲಿನ ತುದಿಯಲ್ಲಿ ಅಪೂರ್ಣವಾಗಿ ನಿಲ್ಲುವ ಗಣ ಮುಡಿ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲೆ ಹೊಸ ಕಾವ್ಯದಲ್ಲಿ ಇವೆರಡೂ ರೂಢಿಗೆ ಬಂದವು. ಪರೀಕ್ಷೆಯಲ್ಲಿ ಪದ್ಮಗಣವನ್ನು ಆವರಣದೊಳಗಿಟ್ಟು ಮುಂದೆ ಸಾಗುವುದು ವಾಡಿಕೆ, ಅದೇನೋ ಲೆಕ್ಕಕ್ಕೆ ಸಿಗದ ಬಾಲವೆಂಬಂತೆ. ಗವೋಟ್ ಕೇಳಿದ ಕಿವಿಗೆ ಅದು ಎತ್ತಿದ ಕಾಲು. ಹಿಂದಿನ ಸಾಲಿನ ಮುಡಿ ಅದಕ್ಕಾಗಿ ಜಾಗ ಬಿಟ್ಟು ಕಾದಿದೆ.

ಬಾಖ್ ಈ ಗವೋಟನ್ನು ಯಾರೂ ಕುಣಿಯಲೆಂದು ಬರೆಯಲಿಲ್ಲ, ಕೇಳಲೆಂದು ಬರೆದ. ಕುಣಿಯುವವರು ತೆರಳಿದರೂ ಅವರ ಕಾಲಿನ ಎತ್ತುಗಡೆ ಸ್ವರಲಿಪಿಯಲ್ಲಿ ಉಳಿಯಿತು.

ನೀಲಗಿರಿಯ ಕಥೆ ತಿರುವುಮುರುವು. ಅಲ್ಲಿ ಕುಣಿಯುವವರು ಉಳಿದರು, ನುಡಿಸುವವರು ದೂರವಾದರು. ಬಡಗರ ಹಬ್ಬಕ್ಕೂ ಸಾವಿಗೂ ವಾದ್ಯ ನುಡಿಸುತ್ತಿದ್ದವರು ನೆರೆಯ ಕೋತರು. ಶಹನಾಯಿಯ ಬಳಗಕ್ಕೆ ಸೇರಿದ ಕೊಳ್, ಜೊತೆಗೆ ಕೊಂಬು, ತಮಟೆ, ಡೋಲು, ಪ್ರತಿಫಲವಾಗಿ ಧಾನ್ಯ. ಇಪ್ಪತ್ತನೆಯ ಶತಮಾನದಲ್ಲಿ ಈ ಸಂಬಂಧ ಬಹುಮಟ್ಟಿಗೆ ಕಡಿದುಹೋಯಿತು. ಅದರಲ್ಲಿ ಮೇಲುಕೀಳಿನ ಭಾವ ಬೆರೆತಿದ್ದುದರಿಂದ ಅದು ಕಡಿದದ್ದಕ್ಕೆ ಬರಿಯ ವಿಷಾದ ಸಲ್ಲದು. ಆದರೂ ಒಬ್ಬರ ಉಸಿರಿಗೆ ಇನ್ನೊಬ್ಬರ ಕಾಲು ಎದ್ದ ತಲೆಮಾರುಗಳ ಅಭ್ಯಾಸವನ್ನು ಬರೆದಿಟ್ಟುಕೊಳ್ಳಲು ಅಲ್ಲಿ ಯಾವ ಸ್ವರಲಿಪಿಯೂ ಇರಲಿಲ್ಲ. ರಿಚರ್ಡ್ ವುಲ್ಫ್ ಅವರು ಕೋತರ ಸಂಗೀತವನ್ನು ಕುರಿತು ದೀರ್ಘಕಾಲ ಅಧ್ಯಯನ ಮಾಡಿ 2005ರಲ್ಲಿ ಪುಸ್ತಕ ಪ್ರಕಟಿಸಿದರು. ಕೋತರ ಹಳ್ಳಿಗಳಲ್ಲಿ ಕೊಳ್ ನಿಂತಿಲ್ಲ. ಈಗ ಅವರು ತಮ್ಮ ದೇವರಿಗೆ, ತಮ್ಮ ಕುಣಿತಕ್ಕೆ ನುಡಿಸಿಕೊಳ್ಳುತ್ತಾರೆ.